ಕಾಣದ ದಾರಕ್ಕೂ ಒಂದು ಅಳತೆ ಬೇಕು

ಜನವರಿ 14ರಂದು ಅಹಮದಾಬಾದಿನ ಹಳೇಪೇಟೆಯಲ್ಲಿ ಜನರನ್ನು ಹುಡುಕಬೇಕಾದರೆ ತಲೆ ಎತ್ತಿ ನೋಡಬೇಕು. ಪೋಳ ಎಂದು ಕರೆಯುವ ಇಕ್ಕಟ್ಟಾದ ಓಣಿಗಳು ಬಿಕೋ ಎನ್ನುತ್ತಿರುತ್ತವೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಊರೆಲ್ಲ ತಾರಸಿ ಏರಿರುತ್ತದೆ. ಕರ್ನಾಟಕದ ಮನೆಗಳಲ್ಲಿ ಎಳ್ಳುಬೆಲ್ಲ ಬೀರುವ ಹೊತ್ತಿಗೆ ಅಲ್ಲಿ ಉತ್ತರಾಯಣದ ಗಾಳಿಪಟ. ಒಂದು ದಾರ ಕಡಿದರೆ ಸಾಕು, ಪಕ್ಕದ ತಾರಸಿಯಿಂದ ‘ಕಾಯ್ಪೋ ಛೇ’ ಎಂಬ ಕೂಗು ಏಳುತ್ತದೆ. ವಡೋದರಾ, ಸೂರತ್‌ಗಳಲ್ಲೂ ಇದೇ ಸಂಭ್ರಮ. ಈಚಿನ ವರ್ಷಗಳಲ್ಲಿ ಆ ಪಟಗಳ ಮೇಲೆ ಇನ್ನೊಂದು ಸದ್ದು ಸೇರಿದೆ. ಅದು ಹಬ್ಬದ ವಿಡಿಯೋ ತೆಗೆಯುವ ಡ್ರೋನಿನ ಗುಂಯ್‌ ಸದ್ದು.

ಡ್ರೋನಿಗೂ ದಾರವಿದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಕೈಯಲ್ಲಿರುವ ರಿಮೋಟ್‌ನಿಂದ ಆಜ್ಞೆ ಮೇಲೆ ಹೋಗುತ್ತದೆ, ಮೇಲಿನಿಂದ ಚಿತ್ರ ಕೆಳಗೆ ಬರುತ್ತದೆ. ಎರಡೂ ರೇಡಿಯೋ ಅಲೆಗಳ ಮೇಲೆ ನಡೆಯುವ ವ್ಯವಹಾರ. ಈ ಸಂಪರ್ಕ ಕಡಿದರೆ ಬಹುತೇಕ ಡ್ರೋನುಗಳು ಮೊದಲೇ ನಿಗದಿಯಾದ ಎತ್ತರಕ್ಕೆ ಏರಿ, ಹೊರಟ ಜಾಗಕ್ಕೆ ತಾವೇ ಮರಳಲು ನೋಡುತ್ತವೆ. ದಾರಿಯಲ್ಲಿ ನೂರು ಮಾಂಜಾ ದಾರಗಳು ಅಡ್ಡ ಇದ್ದರೆ ಅಷ್ಟು ಸಣ್ಣ ಎಳೆ ಡ್ರೋನಿನ ಸೆನ್ಸರಿಗೆ ಕಾಣುವುದಿಲ್ಲ. ಕೆಳಗೆ ಇರುವುದು ಜನ ತುಂಬಿದ ತಾರಸಿ. ಹಾಗಾಗಿ ಆ ಕಾಣದ ದಾರ ಎಷ್ಟು ಗಟ್ಟಿಯಾಗಿರಬೇಕು ಎಂಬುದು ಡ್ರೋನಿನ ಮಾಲೀಕನೊಬ್ಬನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಆ ಗಟ್ಟಿತನಕ್ಕೆ ಲೆಕ್ಕವಿದೆ. 2020ರಲ್ಲಿ ಬಂದ, 249 ಗ್ರಾಂ ತೂಗುವ ಡಿಜೆಐ ಮಿನಿ 2 ಎಂಬ ಜನಪ್ರಿಯ ಡ್ರೋನಿನ ವಿವರಪಟ್ಟಿಯನ್ನೇ ತೆಗೆದುಕೊಳ್ಳಬಹುದು. ಅಮೆರಿಕದ ಎಫ್‌ಸಿಸಿ ನಿಯಮದಡಿ ಅದು ಗರಿಷ್ಠ 26 ಡಿಬಿಎಂ, ಅಂದರೆ ಸುಮಾರು 400 ಮಿಲಿವಾಟ್ ಬಲದಲ್ಲಿ ಅಲೆ ಹೊರಡಿಸಬಲ್ಲದು. ಅದೇ ಯಂತ್ರ ಯುರೋಪಿನ ಸಿಇ ನಿಯಮದಡಿ 2.4 ಗಿಗಾಹರ್ಟ್ಸ್‌ನಲ್ಲಿ 100 ಮಿಲಿವಾಟಿಗೆ ನಿಲ್ಲುತ್ತದೆ, 5.8 ಗಿಗಾಹರ್ಟ್ಸ್‌ನಲ್ಲಿ ಬರೀ 25 ಮಿಲಿವಾಟಿಗೆ. ತಯಾರಕರು ಹೇಳುವ ಗರಿಷ್ಠ ದೂರ ಮೊದಲನೆಯದರಲ್ಲಿ 10 ಕಿಲೋಮೀಟರ್, ಎರಡನೆಯದರಲ್ಲಿ 6. ಬ್ಯಾಟರಿ, ಮೋಟಾರು, ಆ್ಯಂಟೆನಾ ಯಾವುದೂ ಬದಲಾಗಿಲ್ಲ. ಬದಲಾಗಿರುವುದು ದನಿಯ ಏರಿಳಿತ ಮಾತ್ರ.

ಆ ಬದಲಾವಣೆಯನ್ನು ಮಾಡುವವರು ಯಾರು? ಯಂತ್ರವೇ. ಆನ್ ಮಾಡಿದೊಡನೆ ಅದು ಜಿಪಿಎಸ್‌ನಿಂದ ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ತಿಳಿಯುತ್ತದೆ. ಒಳಗೆ ತಯಾರಕರು ಬರೆದಿಟ್ಟ ಕೋಷ್ಟಕವೊಂದಿದೆ. ಅದರಲ್ಲಿ ಯಾವ ದೇಶ ಯಾವ ಸಾಲಿನಲ್ಲಿದೆಯೋ ನೋಡಿ, ಅದರಂತೆ ಬಲವನ್ನು ಏರಿಸುತ್ತದೆ ಇಲ್ಲವೇ ಇಳಿಸುತ್ತದೆ. ಬಳಸುವವನನ್ನು ಕೇಳುವುದಿಲ್ಲ. ನ್ಯೂಯಾರ್ಕಿನಲ್ಲಿ ಜೋರಾಗಿ ಮಾತಾಡಿದ ಡ್ರೋನು ಪ್ಯಾರಿಸಿನಲ್ಲಿ ಇಳಿದ ಕೂಡಲೇ ದನಿ ತಗ್ಗಿಸುತ್ತದೆ. ವಿವರಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ನಾಲ್ಕು ಸಾಲು: ಅಮೆರಿಕ, ಯುರೋಪು, ಚೀನಾ, ಜಪಾನ್. ಭಾರತದ ಹೆಸರಿನ ಸಾಲು ಅಲ್ಲಿಲ್ಲ. ನೂರನಲವತ್ತು ಕೋಟಿ ಜನರ ದೇಶವನ್ನು ಬೇರೆಯವರಿಗಾಗಿ ಬರೆದ ಯಾವುದೋ ಒಂದು ಸಾಲಿಗೆ ತಯಾರಕರು ಸೇರಿಸುತ್ತಾರೆ.

ಭಾರತಕ್ಕೆ ನಿಯಮವೇ ಇಲ್ಲವೆಂದಲ್ಲ. 2005ರ ಜನವರಿ 28ರಂದು ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಟ್ರಾನ್ಸ್‌ಮಿಟರಿನ ಬಲ 1 ವಾಟ್‌ವರೆಗೆ, ಆ್ಯಂಟೆನಾದ ಮೂಲಕ ಹೊರಹೊಮ್ಮುವ ಬಲ 4 ವಾಟ್‌ವರೆಗೆ ಇರಬಹುದು. ಇದು ಯುರೋಪಿನ ಮಿತಿಗಿಂತ ನಲವತ್ತು ಪಟ್ಟು ಉದಾರ, ಅಮೆರಿಕದ ಮಿತಿಗೆ ಸರಿಸಮ. ಡ್ರೋನ್ ಹವ್ಯಾಸಿಗಳು ಹಿಡಿದುಕೊಳ್ಳುವುದು ಈ ಅಂಕಿಯನ್ನೇ. ‘4 ವಾಟ್‌ಗೆ ಅನುಮತಿ ಇರುವಾಗ 400 ಮಿಲಿವಾಟ್ ಯಾವ ಲೆಕ್ಕ? ಡ್ರೋನು ಸಿಇ ಸಾಲಿನಲ್ಲಿ ಸಿಕ್ಕಿಕೊಂಡಿದ್ದರೆ ಅದನ್ನು ಎಫ್‌ಸಿಸಿಗೆ ತಿರುಗಿಸಿಕೊಳ್ಳುವುದರಲ್ಲಿ ತಪ್ಪೇನು?’ ಯಂತ್ರಕ್ಕೆ ಸುಳ್ಳು ಸ್ಥಳ ತೋರಿಸಿಯೋ ಆ್ಯಪನ್ನು ತಿದ್ದಿಯೋ ಬಲ ಏರಿಸಿಕೊಳ್ಳುವ ಉಪಾಯಗಳು ಹವ್ಯಾಸಿಗಳ ನಡುವೆ ಬಹುಕಾಲದಿಂದ ಓಡಾಡುತ್ತಿವೆ.

ವಾದ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಷರತ್ತಿದೆ: ಆ್ಯಂಟೆನಾ ಅಧಿಕೃತ ಕಟ್ಟಡದ ತಾರಸಿಯಿಂದ 5 ಮೀಟರ್ ಎತ್ತರದೊಳಗೆ ಇರಬೇಕು. ಆ ಒಂದು ಷರತ್ತೇ ಎಲ್ಲವನ್ನೂ ಹೇಳುತ್ತದೆ. 2005ರಲ್ಲಿ ನಿಯಮ ಬರೆದವರ ಕಣ್ಣ ಮುಂದಿದ್ದದ್ದು ಮನೆ, ಕಚೇರಿಗಳ ವೈ-ಫೈ. ಹೆಚ್ಚೆಂದರೆ ಮಾಳಿಗೆಯ ಮೇಲೆ ಕೋಲು ನೆಟ್ಟು ಕಟ್ಟಿದ ಆ್ಯಂಟೆನಾ. ಆ ಆ್ಯಂಟೆನಾ ಒಂದು ದಿನ ರೆಕ್ಕೆ ಕಟ್ಟಿಕೊಂಡು ಹಾರುತ್ತದೆಂದು ಅವರು ಎಣಿಸಿರಲಿಲ್ಲ. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಗೆ ವಿನಾಯಿತಿ ವಿಸ್ತರಿಸಿದಾಗಲೂ ನಿಯಮದ ಹೆಸರಿನಲ್ಲೇ ಇದ್ದದ್ದು ವೈರ್‌ಲೆಸ್ ಜಾಲ, ಹಾರುವ ಯಂತ್ರವಲ್ಲ.

ಎತ್ತರಕ್ಕೆ ಯಾಕಿಷ್ಟು ಮಹತ್ವ? ವಡೋದರಾದ ಅಲಕಾಪುರಿಯ ಒಂದು ಮನೆಯಲ್ಲಿರುವ ರೂಟರಿಗೆ ನಾಲ್ಕು ಗೋಡೆ, ಒಂದು ಕಬ್ಬಿಣದ ಬಾಗಿಲು, ಎದುರು ಮನೆಯ ಸಿಮೆಂಟು ಎಲ್ಲವೂ ಅಡ್ಡ. ಅದರ ದನಿ ಬೀದಿ ದಾಟುವಷ್ಟರಲ್ಲಿ ಸೋತಿರುತ್ತದೆ. ಅಷ್ಟೇ ಬಲದ ಅಲೆಯನ್ನು ನೂರು ಮೀಟರ್ ಮೇಲಿನಿಂದ ಬಿಟ್ಟರೆ ನಡುವೆ ಗಾಳಿಯ ಹೊರತು ಏನೂ ಇಲ್ಲ; ಸುತ್ತಲ ಪ್ರತಿ ತಾರಸಿಗೂ, ಪ್ರತಿ ಕಿಟಕಿಗೂ ಅದು ನೇರವಾಗಿ ಬೀಳುತ್ತದೆ. ಎತ್ತರ ಎಂಬುದೇ ಒಂದು ಬಗೆಯ ಬಲ. ಇದು ಎರಡೂ ಕಡೆಗೆ ಕೆಲಸ ಮಾಡುತ್ತದೆ. ಸೂರತ್‌ನ ರಿಂಗ್ ರೋಡಿನ ಬಟ್ಟೆ ಮಾರುಕಟ್ಟೆಗಳ ಮೇಲೆ ಏರಿದ ಡ್ರೋನಿಗೆ ಸುತ್ತಮುತ್ತಲ ಅಂಗಡಿಗಳ ರೂಟರುಗಳು ಒಟ್ಟಿಗೆ ಕೇಳಿಸುತ್ತವೆ. ಸಂತೆಯ ನಡುವೆ ನಿಂತು ದೂರದ ಗೆಳೆಯನ ಮಾತಿಗೆ ಕಿವಿಗೊಟ್ಟಂತೆ ಅದರ ಪಾಡು.

ಇಲ್ಲೇ ಹವ್ಯಾಸಿಗಳ ಇನ್ನೊಂದು ವಾದ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ದೂರಕ್ಕಾಗಿ ಅಲ್ಲ, ಸುರಕ್ಷೆಗಾಗಿ ಬಲ ಬೇಕು ಎನ್ನುತ್ತಾರೆ ಅವರು. ಮದುವೆ ಮೆರವಣಿಗೆಯ ಮೇಲೆ, ವಡೋದರಾದ ನವರಾತ್ರಿಯ ಗರ್ಬಾ ಮೈದಾನದ ಮೇಲೆ ಚಿತ್ರ ತೊದಲತೊಡಗಿದರೆ ಹಾರಿಸುವವನು ಕುರುಡನಾಗುತ್ತಾನೆ. ಗಟ್ಟಿ ಸಿಗ್ನಲ್ ಇದ್ದರೆ ಕೆಳಗಿನವರಿಗೇ ಕ್ಷೇಮ. ಒಂದೇ ಡ್ರೋನು ಇದ್ದ ಊರಿನಲ್ಲಿ ಈ ಮಾತು ನಿಜ. ಆದರೆ ಭೌತಶಾಸ್ತ್ರ ಇಲ್ಲಿ ಜಿಪುಣ. ಅಡೆತಡೆಯಿಲ್ಲದ ಬಯಲಿನಲ್ಲೂ ದೂರವನ್ನು ಎರಡು ಪಟ್ಟು ಮಾಡಲು ಬಲವನ್ನು ನಾಲ್ಕು ಪಟ್ಟು ಏರಿಸಬೇಕು. ಹೆಚ್ಚಿನ ಲಾಭ ಒಬ್ಬನಿಗೆ ಸಿಕ್ಕರೆ ಹೆಚ್ಚಿದ ಗದ್ದಲ ಸುತ್ತಲ ಎಲ್ಲರಿಗೂ. ಪಕ್ಕದ ಛತ್ರದವನೂ ಅದನ್ನೇ ಮಾಡಿದರೆ ಇಬ್ಬರೂ ಮೊದಲಿದ್ದಲ್ಲಿಗೇ ಬಂದು ನಿಂತಿರುತ್ತಾರೆ. ನಡುವೆ ನಲುಗಿದ್ದು ಅಲ್ಲಿನ ಅಂಗಡಿಯವನ ಇಂಟರ್ನೆಟ್ಟು. ಗದ್ದಲದ ಊರಿನಲ್ಲಿ ಹತ್ತಿರ ನಿಲ್ಲುವುದು, ರಿಮೋಟ್‌ನ ಆ್ಯಂಟೆನಾವನ್ನು ಸರಿಯಾಗಿ ಡ್ರೋನಿನತ್ತ ತಿರುಗಿಸುವುದು, ಖಾಲಿ ಚಾನೆಲ್ ಆರಿಸುವುದು ಬಲಕ್ಕಿಂತ ಒಳ್ಳೆಯ ಮದ್ದು.

ಅಷ್ಟಕ್ಕೂ ಆ ದೂರ ಬೇಕಾಗಿರುವುದು ಯಾರಿಗೆ? 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲೂ ಅನುಮತಿಯಿಲ್ಲದೆ ಹಾರಬಹುದಾದ ಎತ್ತರ 120 ಮೀಟರ್. ಕಾಲು ಕಿಲೋ ತೂಕದ ಯಂತ್ರ ಕೆಲವು ನೂರು ಮೀಟರ್ ದಾಟಿದರೆ ಬರಿಗಣ್ಣಿಗೆ ಚುಕ್ಕೆಯಾಗಿ ಮಾಯವಾಗುತ್ತದೆ. ಕಣ್ಣಿಗೆ ಕಾಣದಷ್ಟು ದೂರ ಹೋದದ್ದನ್ನು ತಾರಸಿ, ತಂತಿ, ಮಾಂಜಾಗಳ ನಡುವೆ ಹಾರಿಸುವುದು ಸಾಹಸವಲ್ಲ, ಬೇಜವಾಬ್ದಾರಿ. ಆರು ಕಿಲೋಮೀಟರ್ ಸಾಲದು, ಹತ್ತು ಬೇಕು ಎನ್ನುವವರು ಅಹಮದಾಬಾದಿನ ನಡುವೆ ನಿಂತು ಅದನ್ನು ಬಳಸುವುದಾದರೂ ಎಲ್ಲಿ?

ಇದನ್ನು ಅರ್ಥ ಮಾಡಿಕೊಳ್ಳಲು ಗುಜರಾತಿನವರಿಗೆ ದೂರ ಹೋಗಬೇಕಾಗಿಲ್ಲ. ಪಟದ ಆಟದಲ್ಲಿ ಗಟ್ಟಿ ದಾರದವನೇ ಗೆಲ್ಲುವುದು. ಹಾಗಾಗಿಯೇ ಹತ್ತಿಯ ನೂಲು ಬಿಟ್ಟು ನೈಲಾನ್ ಮಾಂಜಾ ಬಂತು. ಹಾರಿಸುವವನ ಕೈಯಲ್ಲಿ ಅದು ಬರೀ ಒಳ್ಳೆಯ ದಾರ. ಬೈಕಿನಲ್ಲಿ ಹೋಗುವವನ ಕುತ್ತಿಗೆಗೆ, ಹಕ್ಕಿಯ ರೆಕ್ಕೆಗೆ ಅದು ಚಾಕು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ದೇಶದಾದ್ಯಂತ ನಿಷೇಧಿಸಿತು. ರೇಡಿಯೋ ಅಲೆ ಯಾರ ಕುತ್ತಿಗೆಯನ್ನೂ ಕೊಯ್ಯುವುದಿಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ. ಆದರೆ ಎಲ್ಲರ ಆಕಾಶದಲ್ಲಿ ಒಬ್ಬನ ದಾರ ಎಷ್ಟು ಗಟ್ಟಿ ಇರಬೇಕೆಂಬುದನ್ನು ಅವನೊಬ್ಬನೇ ತೀರ್ಮಾನಿಸುವಂತಿಲ್ಲ ಎಂಬ ತತ್ವ ಎರಡಕ್ಕೂ ಒಂದೇ.

ಹಾಗಾದರೆ ತೀರ್ಮಾನಿಸಬೇಕಾದವರು ಯಾರು? ಇದೇ ಅಹಮದಾಬಾದಿಗೆ ಈ ಪ್ರಶ್ನೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ ಸೈಟ್ ಪ್ರಯೋಗದಲ್ಲಿ ಇಲ್ಲಿನ ಭೂಕೇಂದ್ರದಿಂದ ಹೊರಟ ಅಲೆಗಳು ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಮುಟ್ಟಿ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳ ಟಿವಿಗಳಿಗೆ ಇಳಿದವು. ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಅಲ್ಲಿನ ಜನ ಮೊದಲ ಬಾರಿಗೆ ಟಿವಿಯಲ್ಲಿ ಕನ್ನಡ ಕೇಳಿದ್ದು ಹಾಗೆ. ಉಪಗ್ರಹ ಪರರದ್ದಾದರೂ ಅಲೆ ಎಲ್ಲಿಗೆ ಇಳಿಯಬೇಕು, ಯಾವ ಭಾಷೆಯಲ್ಲಿ, ಯಾರಿಗಾಗಿ ಎಂಬುದು ಸರ್ಕಾರವೂ ವಿಜ್ಞಾನಿಗಳೂ ಕೂತು ತೆಗೆದುಕೊಂಡ ತೀರ್ಮಾನವಾಗಿತ್ತು. ಅರ್ಧ ಶತಮಾನದ ಬಳಿಕ ಅದೇ ಊರಿನ ತಾರಸಿಗಳ ಮೇಲಿನ ಅಲೆಯ ಬಲವನ್ನು ಹೊರಗಿನ ಒಂದು ಕಂಪನಿಯ ಕೋಷ್ಟಕ ತೀರ್ಮಾನಿಸುತ್ತದೆ. ಕಂಪನಿಯನ್ನು ದೂರಿ ಫಲವಿಲ್ಲ. ಖಾಲಿ ಬಿಟ್ಟ ಜಾಗವನ್ನು ಯಾರಾದರೂ ತುಂಬಲೇಬೇಕು.

ತುಂಬಬೇಕಾದವರು ಬೇರೆ ಬೇರೆ ಮನೆಗಳಲ್ಲಿದ್ದಾರೆ. ಡ್ರೋನಿನ ತೂಕ, ಎತ್ತರ, ವಲಯ ಇವೆಲ್ಲ ವಿಮಾನಯಾನ ಸಚಿವಾಲಯದ ಕೆಲಸ. ಅದರ ರೇಡಿಯೋ ದೂರಸಂಪರ್ಕ ಇಲಾಖೆಯ ಕೆಲಸ. 2022ರ ಫೆಬ್ರುವರಿಯಲ್ಲಿ ವಿದೇಶಿ ಡ್ರೋನುಗಳ ಆಮದನ್ನು ನಿಷೇಧಿಸಿದ್ದು ಮೂರನೆಯದಾದ ವಾಣಿಜ್ಯ ಸಚಿವಾಲಯ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ ಉಂಟು. ಆದರೂ ಮದುವೆ ಮಂಟಪಗಳ ಮೇಲೆ ಹಳೆಯ ವಿದೇಶಿ ಯಂತ್ರಗಳು ಹಾರುವುದು ನಿಂತಿಲ್ಲ. ಇನ್ನೊಂದೆಡೆ ಡ್ರೋನಿನ ಮೇಲಿನ ಅವಲಂಬನೆ ಏರುತ್ತಿದೆ. 2025ರಲ್ಲಿ ಗುಜರಾತ್ ಪೊಲೀಸರು ‘ಜಿಪಿ-ದೃಷ್ಟಿ’ ಎಂಬ ಯೋಜನೆ ತಂದರು. ಅಹಮದಾಬಾದ್, ವಡೋದರಾ, ಸೂರತ್, ರಾಜಕೋಟ್‌ಗಳಲ್ಲಿ ಗಲಭೆಯ ಕರೆ ಬಂದಾಗ ಪೊಲೀಸ್ ವಾಹನಕ್ಕಿಂತ ಮೊದಲು ಡ್ರೋನು ಸ್ಥಳ ತಲುಪಬೇಕೆಂಬುದು ಅದರ ಆಶಯ. ಪರವಾನಗಿಯಿಲ್ಲದ ಪಟ್ಟಿಯ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ: ಇಲ್ಲಿ ಯಾರಿಗೂ ರಕ್ಷಣೆಯಿಲ್ಲ, ಎಲ್ಲರೂ ಹಂಚಿಕೊಂಡು ಬಾಳಬೇಕು. ತುರ್ತಿಗೆ ಹೊರಟ ಡ್ರೋನು ಈ ತೆರೆದ ಪಟ್ಟಿಯಲ್ಲೇ ಮಾತಾಡುವುದಾದರೆ, ಬಲ ಏರಿಸಿಕೊಂಡ ಮದುವೆ ಡ್ರೋನಿನ ಎದುರು ಅದಕ್ಕೂ ವಿಶೇಷ ಹಕ್ಕಿಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಹಾರುವ ಟ್ರಾನ್ಸ್‌ಮಿಟರಿಗೆಂದೇ ಭಾರತದ ನಿಯಮವೊಂದು ಬೇಕು. ಅದರಲ್ಲಿ ಬಲದ ಮಿತಿ ಎತ್ತರದ ಜೊತೆ ಸೇರಿಯೇ ಇರಬೇಕು, ಜನನಿಬಿಡ ಊರಿಗೂ ಹೊಲದ ಮೇಲೆ ಔಷಧಿ ಸಿಂಪಡಿಸುವ ಡ್ರೋನಿಗೂ ಬೇರೆ ಅಳತೆ ಇರಬೇಕು. ದೇಶದಲ್ಲೇ ತಯಾರಾಗುವ ಡ್ರೋನುಗಳ ಕಾಲ ಬಂದಿರುವುದರಿಂದ ಆ ಸಾಲನ್ನು ಯಂತ್ರದೊಳಗೆ ಬರೆಸುವುದೂ ಕಷ್ಟವಲ್ಲ. ಈ ಕ್ಷಣ ಯಂತ್ರ ಯಾವ ದೇಶದ ನಿಯಮದಲ್ಲಿ, ಎಷ್ಟು ಮಿಲಿವಾಟಿನಲ್ಲಿ ಮಾತಾಡುತ್ತಿದೆ ಎಂಬುದು ಬ್ಯಾಟರಿಯ ಅಂಕಿಯಂತೆ ಪರದೆಯ ಮೇಲೆ ಸದಾ ಕಾಣುತ್ತಿರಬೇಕು. ತಾನು ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆಂದು ತಿಳಿಯದವನಿಂದ ಸಂಯಮ ನಿರೀಕ್ಷಿಸುವುದು ನ್ಯಾಯವಲ್ಲ.

ಆ ನಿಯಮ ಬರುವವರೆಗೆ ಸೂರತ್‌ನ ವಿಡಿಯೋಗ್ರಾಫರ್ ಮಾಡಬಹುದಾದದ್ದು ಒಂದಿದೆ: ಡ್ರೋನು ತಾನೆಲ್ಲಿದ್ದೇನೆಂದು ಕೇಳಿದಾಗ ನಿಜ ಹೇಳುವುದು. ಸಿಗ್ನಲ್ ಸೋತರೆ ನಾಲ್ಕು ಹೆಜ್ಜೆ ಮುಂದೆ ನಡೆದು ಹೋಗುವುದು. ಮದುವೆಯ ದಿಬ್ಬಣ ಹೇಗೂ ನಿಧಾನವಾಗಿಯೇ ಸಾಗುತ್ತದೆ.