ಕಪ್ಪು ಬೆಲ್ಲದ ಗುಣ, ಹೊಂಬಣ್ಣದ ಬೆಲೆ

ಮಂಡ್ಯದ ಮಾರುಕಟ್ಟೆಯಲ್ಲಿ ಬೆಲ್ಲಕ್ಕೆ ಬೆಲೆ ಕಟ್ಟುವುದು ಮೊದಲು ಕಣ್ಣು, ಆಮೇಲೆ ನಾಲಿಗೆ. ಹೊಂಬಣ್ಣದ ಅಚ್ಚಿಗೆ ಗಿರಾಕಿ ಹೆಚ್ಚು. ಬೆಂಗಳೂರಿನ ಸಾವಯವ ಅಂಗಡಿಗೆ ಹೋದರೆ ಲೆಕ್ಕ ತಲೆಕೆಳಗು: ಅಲ್ಲಿ ಕಪ್ಪು ಬೆಲ್ಲವೇ ದುಬಾರಿ, ಕಾರಣ ಕೇಳಿದರೆ ಆ್ಯಂಟಿಆಕ್ಸಿಡೆಂಟ್ ಅನ್ನುತ್ತಾರೆ.

ಮಾತು ಪೂರ್ತಿ ಸುಳ್ಳಲ್ಲ. ಸಕ್ಕರೆ ಕಾರ್ಖಾನೆ ಶುದ್ಧಿ ಮಾಡುವಾಗ ತೆಗೆದುಬಿಡುವ ಕಬ್ಬಿನ ಫೀನಾಲುಗಳೂ ಖನಿಜಗಳೂ ಆಲೆಮನೆಯ ಕೊಪ್ಪರಿಗೆಯಲ್ಲಿ ಸಾಕಷ್ಟು ಉಳಿಯುತ್ತವೆ. ಪಾಕ ಕುದಿದು ಕಂದುವಾಗ ಹುಟ್ಟುವ ವಸ್ತುಗಳಿಗೂ ಆ್ಯಂಟಿಆಕ್ಸಿಡೆಂಟ್ ಗುಣ ಉಂಟು. ಪ್ರಯೋಗಾಲಯದಲ್ಲಿ ನೇರಳೆ ಬಣ್ಣದ ಡಿಪಿಪಿಎಚ್ ದ್ರಾವಣಕ್ಕೆ ಬೆಲ್ಲದ ಸಾರ ಬೆರೆಸಿದರೆ ಬಣ್ಣ ಮಾಸುತ್ತದೆ, ಎಷ್ಟು ಮಾಸಿತೆಂದು ನೋಡಿ ಆ ಗುಣವನ್ನು ಅಳೆಯುತ್ತಾರೆ. ಆದರೆ ಗಾಜಿನ ನಳಿಗೆಯಲ್ಲಿ ನಡೆದದ್ದು ರಕ್ತದಲ್ಲೂ ನಡೆಯಬೇಕೆಂದೇನಿಲ್ಲ. ಬೆಲ್ಲದ ಬಹುಪಾಲು ಸಕ್ಕರೆಯೇ. ಮಧುಮೇಹಿಗೆ ಕಪ್ಪೂ ಒಂದೇ, ಬಿಳುಪೂ ಒಂದೇ. ಈ ಗುಣಕ್ಕಾಗಿಯೇ ತಿನ್ನುವುದಾದರೆ ನೆಲ್ಲಿಕಾಯಿ ಮೇಲು.

ಇನ್ನೊಂದು ತೊಡಕು, ಕಪ್ಪೆಲ್ಲ ಒಳ್ಳೆಯ ಕಪ್ಪಲ್ಲ. ಮದ್ದೂರು, ಮಳವಳ್ಳಿ ಕಡೆ ನಾಲೆಯ ನೀರು ನಿಂತು ಉಪ್ಪೇರಿದ ಗದ್ದೆಯಿದ್ದರೆ ಅಲ್ಲಿಯ ಕಬ್ಬಿನ ಬೆಲ್ಲ ಉಪ್ಪುಪ್ಪಾಗಿ ಬೇಗ ಕಪ್ಪಾಗುತ್ತದೆ, ಮಳೆಗಾಲಕ್ಕೆ ಜಿನುಗುತ್ತದೆ. ಯೂರಿಯಾ ಹೆಚ್ಚಿಗೆ ಉಂಡ ಕಬ್ಬಿನದೂ ಅದೇ ಪಾಡು. ಪಾಕ ಸೀದರೂ ಬಣ್ಣ ಅದೇ. ತಳಿ ಒಂದೇ ಇದ್ದರೂ ಹೊಲ ಬೇರೆಯಾದರೆ ಬೆಲ್ಲ ಬೇರೆ. ಅಂಗಡಿಯ ಚೀಟಿಯಲ್ಲಿ ಇದ್ಯಾವುದೂ ಇರುವುದಿಲ್ಲ.

ಹಾಗಂತ ಹೊಂಬಣ್ಣದ ಪರ ವಾದಿಸುವುದೂ ಕಷ್ಟ. ಬೆಂಡೆ ಗಿಡದ ಲೋಳೆ, ಹದವಾದ ಸುಣ್ಣ, ನುರಿತ ಕೈ ಇದ್ದರೆ ಆ ಬಣ್ಣ ಬರುತ್ತದೆ ನಿಜ. ಅವಸರಕ್ಕೆ ಬರುವುದು ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಅದು ಬಣ್ಣ ತೆಗೆಯುತ್ತದೆ, ಗಂಧಕದ ಉಳಿಕೆ ಬಿಡುತ್ತದೆ. ನಿಯಮದಲ್ಲಿ ಸಲ್ಫರ್ ಡೈಆಕ್ಸೈಡಿಗೆ 70 ಪಿಪಿಎಂ ಮಿತಿಯಿದೆ. ಬಿಳಿಚಿದ ಬೆಲ್ಲ ಕೆಲವೇ ವಾರಗಳಲ್ಲಿ ಮತ್ತೆ ಕಂದುತ್ತದೆ ಅನ್ನುವುದು ಬೇರೆ ಮಾತು. ಆಲೆಮನೆಯವರನ್ನು ಬೈದು ಪ್ರಯೋಜನವಿಲ್ಲ. ಕಬ್ಬಿನ ದುಡ್ಡು, ಆಳಿನ ಕೂಲಿ ಕೊಟ್ಟು ಉಳಿಯುವುದೇ ಅಲ್ಪ, ಅದೂ ಹರಾಜಿನಲ್ಲಿ ಬಣ್ಣ ನೋಡಿ ಹೋಗುತ್ತದೆ.

ನನ್ನನ್ನು ಕೇಳಿದರೆ ಕಪ್ಪನ್ನೇ ಕೊಳ್ಳುತ್ತೇನೆ, ಅದರಲ್ಲಿ ಏನಿದೆ ಎಂದಲ್ಲ, ಏನು ಹಾಕಿಲ್ಲ ಎಂದು. ಹೊಲ ಯಾವುದು ಎಂದು ಕೇಳಿ, ತುಣುಕೊಂದನ್ನು ನಾಲಿಗೆಗಿಟ್ಟು ಉಪ್ಪಿದೆಯೇ ನೋಡಿ. ಕೇಂದ್ರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಪಟ್ಟಿಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದು ಬೆಲ್ಲವೇ. ಆ ಹೆಸರಿನ ನೆರವು ಬಣ್ಣದ ಬದಲು ಹದಕ್ಕೆ, ಗಂಧಕದ ಪರೀಕ್ಷೆಗೆ ಬೆಲೆ ಕಟ್ಟುವ ಹರಾಜನ್ನು ತಂದರೆ ಹೈಡ್ರೋಸ್ ಡಬ್ಬದ ಖರ್ಚು ಆಲೆಮನೆಯವರಿಗೇ ಬೇಡವಾದೀತು.