ಹೊಸ ಯಂತ್ರದ ಸಾಲಕ್ಕೆ ಮುನ್ನ ಒಂದು ಲೆಕ್ಕ

ನಂಜನಗೂಡು ದಾಟಿ ಗುಂಡ್ಲುಪೇಟೆಯತ್ತ ಸಾಗುವ ಹೆದ್ದಾರಿಯಲ್ಲಿರುವ ಬೇಗೂರಿನಂತಹ ಊರುಗಳಲ್ಲಿ ಲೇತ್ ವರ್ಕ್‌ಶಾಪ್ ನಡೆಸುವವರಿಗೆ ಟ್ರ್ಯಾಕ್ಟರ್ ಹಾಗೂ ಪಂಪ್‌ಸೆಟ್ ದುರಸ್ತಿಯೇ ನಿತ್ಯದ ಆದಾಯ. ಕಾರ್ಖಾನೆಯೊಂದರಿಂದ ಫ್ಲೇಂಜ್, ಕಪ್ಲಿಂಗ್‌ಗಳ ಸಣ್ಣ ಆರ್ಡರ್ ಬಂದೊಡನೆ ಸಿ.ಎನ್.ಸಿ. ಯಂತ್ರಕ್ಕೆ ಸಾಲ ಪಡೆಯುವ ಆಲೋಚನೆ ಮೂಡುತ್ತದೆ. ಪ್ರಾಜೆಕ್ಟ್ ರಿಪೋರ್ಟ್ ಸಿದ್ಧಪಡಿಸಿಕೊಡುವುದು ನಮ್ಮ ವೃತ್ತಿಯೇ ಆದರೂ, ಅದಕ್ಕೆ ಮೊದಲು ಇರುವ ಯಂತ್ರಗಳ ಸಾಮರ್ಥ್ಯ ಪೂರ್ಣವಾಗಿ ಬಳಕೆಯಾಗಿದೆಯೇ ಎಂದು ಪರಿಶೀಲಿಸುವುದು ಅಗತ್ಯ.

ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳೂ ಬೆಂಗಳೂರಿನ ಎಚ್.ಎಂ.ಟಿ. ಮಿಲ್ಲಿಂಗ್ ಯಂತ್ರಗಳೂ ದಶಕಗಳ ನಂತರವೂ ದುಡಿಯುತ್ತಿರುವ ರಾಜ್ಯ ನಮ್ಮದು. ಮಿಲ್ಲಿಂಗ್ ಯಂತ್ರದ ರೋಟರಿ ಟೇಬಲ್ ಮೇಲೆ ಲೇತ್ ಚಕ್ ಒಂದನ್ನು ಕೂರಿಸಿದರೆ ಇಂತಹ ಎಷ್ಟೋ ಕೆಲಸಗಳು ನಡೆಯುತ್ತವೆ. 90ಕ್ಕೆ 1 ಅನುಪಾತದ ಟೇಬಲ್‌ನಲ್ಲಿ ಹಿಡಿಯ ಒಂದು ಸುತ್ತಿಗೆ 4 ಡಿಗ್ರಿ. ಆರು ರಂಧ್ರಗಳ ಫ್ಲೇಂಜ್‌ಗೆ ರಂಧ್ರದಿಂದ ರಂಧ್ರಕ್ಕೆ 15 ಸುತ್ತು. ಹಿಡಿಯನ್ನು ಒಂದೇ ದಿಕ್ಕಿನಲ್ಲಿ ತಿರುಗಿಸಿ, ಪ್ರತಿ ಬಾರಿಯೂ ಟೇಬಲ್ ಲಾಕ್ ಮಾಡಿದರೆ ಸಾಕು.

ಬಹುತೇಕ ಚಕ್‌ಗಳಿಗೆ ಬೋಲ್ಟ್ ಹಿಂದಿನಿಂದ ಬರುವುದರಿಂದ ನಡುವೆ ಒಂದು ಬ್ಯಾಕ್ ಪ್ಲೇಟ್ ಬೇಕು. ಅದು ಚಕ್‌ಗಿಂತ ಅಗಲವಾಗಿರಬೇಕು; ಒಂದು ಮುಖದ ಮೆಟ್ಟಿಲು ಚಕ್‌ನ ಹಿಂಬದಿಯ ತಗ್ಗಿಗೆ, ಇನ್ನೊಂದು ಮುಖದ ಉಬ್ಬು ಟೇಬಲ್‌ನ ನಡುರಂಧ್ರಕ್ಕೆ ಬಿಗಿಯಾಗಿ ಕೂರಬೇಕು. ಹೊರಚಾಚಿದ ಅಂಚನ್ನು ಟಿ-ನಟ್‌ಗಳಿಂದ ಬಿಗಿದು, ಡಯಲ್ ಗೇಜ್ ಇಟ್ಟು ಕೇಂದ್ರ ನೋಡಬೇಕು. ಟೇಬಲ್, ಪ್ಲೇಟ್, ಚಕ್ ಮೂರೂ ಸೇರಿದಾಗ ಸ್ಪಿಂಡಲ್ ಕೆಳಗೆ ಎತ್ತರ ಉಳಿಯುವುದೇ ಎಂಬುದನ್ನು ಮೊದಲೇ ಅಳೆಯುವುದು ಒಳಿತು. ಮೂರು ದವಡೆಯ ಚಕ್ ಕೇಂದ್ರವನ್ನು ಪೂರ್ತಿ ನಿಖರವಾಗಿ ಹಿಡಿಯದು. ಬಿಗಿ ಅಳತೆಯ ಕೆಲಸಕ್ಕೆ ನಾಲ್ಕು ದವಡೆಯದೇ ಆಗಬೇಕು.

ಇನ್ನು ಲೆಕ್ಕದ ಮಾತು. ಉದಾಹರಣೆಗೆ, 15 ಲಕ್ಷ ರೂ. ಯಂತ್ರವನ್ನು ಪೂರ್ತಿ ಸಾಲದಲ್ಲಿ ಶೇ. 10ರ ಬಡ್ಡಿಗೆ ಕೊಂಡರೆ ಮೊದಲ ವರ್ಷದ ಬಡ್ಡಿ ಸುಮಾರು 1.5 ಲಕ್ಷ ರೂ., ಶೇ. 15ರ ಸವಕಳಿ 2.25 ಲಕ್ಷ ರೂ. ಎರಡೂ ಸೇರಿ ತಿಂಗಳಿಗೆ 31,250 ರೂ. ನಿಮ್ಮ ಯಂತ್ರದ ಗಂಟೆಯ ದರ 400 ರೂ. ಎಂದುಕೊಂಡರೆ, ಹೊಸ ಯಂತ್ರವು ತಿಂಗಳಿಗೆ 78 ಗಂಟೆಗಳನ್ನಾದರೂ ಉಳಿಸಬೇಕು, ಇಲ್ಲವೇ ಅಷ್ಟು ಮೌಲ್ಯದ ಹೊಸ ಕೆಲಸವನ್ನು ತರಬೇಕು. ತಿಂಗಳಿಗೆ ಎಂಟು ಬಾರಿ, ಬಾರಿಗೆ ಒಂದು ಗಂಟೆಯಂತೆ ಚಕ್ ಕೂರಿಸಿದರೂ ಆ ಖರ್ಚು 3,200 ರೂ. ಮಾತ್ರ. ಆರ್ಡರ್ ನಿಂತರೆ ಚಕ್ ಮೂಲೆಯಲ್ಲಿ ಕುಳಿತಿರುತ್ತದೆ. ಸಾಲದ ಕಂತು ನಿಲ್ಲುವುದಿಲ್ಲ.

ಹಾಗೆಂದು ಈ ಉಪಾಯ ಪುಕ್ಕಟೆಯೂ ಅಲ್ಲ. ಲೇತ್‌ನಿಂದ ಬಿಚ್ಚಿದ ಚಕ್ ಮಿಲ್ಲಿಂಗ್ ಯಂತ್ರದ ಮೇಲಿರುವಷ್ಟು ಹೊತ್ತೂ ಆ ಲೇತ್‌ಗೆ ಕೆಲಸವಿಲ್ಲ. ನಿತ್ಯದ ದುರಸ್ತಿ ಗಿರಾಕಿ ಕಾಯಲಾರದೆ ಬೇರೆಡೆ ಹೋದರೆ ಆ ನಷ್ಟ ಯಾವ ಲೆಡ್ಜರಿನಲ್ಲೂ ಕಾಣಿಸದು. ಆದ್ದರಿಂದ ಇದಕ್ಕೆಂದೇ ಪ್ರತ್ಯೇಕ ಚಕ್ ಕೊಳ್ಳುವುದು ಲೇಸು. ಅದರ ಹಾಗೂ ಪ್ಲೇಟಿನ ವೆಚ್ಚವನ್ನು ಬಿಡಿಭಾಗಗಳ ಖರ್ಚಿನಲ್ಲಿ ಕರಗಿಸದೆ, ಬಿಲ್ ಸಹಿತ ಯಂತ್ರೋಪಕರಣದ ಖಾತೆಗೆ ಸೇರಿಸಬೇಕು. ಪ್ರತಿ ಆರ್ಡರಿಗೆ ಹಿಡಿದ ಗಂಟೆ, ತಿರಸ್ಕೃತವಾದ ನಗಗಳ ಸಂಖ್ಯೆ ಇವೆರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.

ಆರು ತಿಂಗಳ ಆ ಬರಹವೇ ಹೊಸ ಯಂತ್ರ ಬೇಕೋ ಬೇಡವೋ ಎಂಬುದನ್ನು ತಿಳಿಸುತ್ತದೆ. ಬೇಕೆಂದಾದರೆ ಧೈರ್ಯವಾಗಿ ಕೊಳ್ಳಿರಿ. ಬ್ಯಾಂಕಿನ ಮುಂದಿಡಲು ಊಹೆಯ ಅಂಕಿಗಳ ಬದಲು ದುಡಿಮೆಯ ಅಂಕಿಗಳಿರುತ್ತವೆ. ಸಾಲ ಸಿಗುತ್ತದೆ ಎಂಬುದೊಂದೇ ಸಾಲ ಮಾಡಲು ಕಾರಣವಾಗಬಾರದು.