ಲೆಕ್ಕವೆಂಬ ಬಂಡವಾಳ

ಊರಿನ ಪೇಟೆಬೀದಿಯಲ್ಲಿ ಪ್ರತಿವರ್ಷವೂ ಕೆಲವು ಹೊಸ ಅಂಗಡಿಗಳು ಬಾಗಿಲು ತೆರೆಯುತ್ತವೆ. ಕೆಲವು ಸದ್ದಿಲ್ಲದೆ ಮುಚ್ಚಿಹೋಗುತ್ತವೆ. ಮುಚ್ಚಿದ ಬಾಗಿಲಿನ ಹಿಂದೆ ಒತ್ತೆ ಬಿದ್ದ ಒಡವೆಯಿರುತ್ತದೆ, ತೀರದ ಸಾಲವಿರುತ್ತದೆ, ಕೆಲವೊಮ್ಮೆ ಅರ್ಧಕ್ಕೆ ನಿಂತ ಮಕ್ಕಳ ಓದೂ ಇರುತ್ತದೆ. ಸಾಕಷ್ಟು ಬಂಡವಾಳವಿರಲಿಲ್ಲವೆಂಬುದೇ ಇಂತಹ ಸೋಲಿಗೆ ಜನರು ಸಾಮಾನ್ಯವಾಗಿ ಕೊಡುವ ಕಾರಣ. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಹಣವಿದ್ದೂ ಮುಳುಗಿದ ವ್ಯಾಪಾರಗಳುಂಟು. ಅಲ್ಪ ಹಣದಿಂದಲೇ ಬೆಳೆದ ಉದ್ಯಮಗಳುಂಟು. ಈ ಅಂತರಕ್ಕೆ ಬಹುಮಟ್ಟಿಗೆ ಕಾರಣವಾಗುವುದು ಲೆಕ್ಕದ ಶಿಸ್ತು. ಮುಂಬಯಿಯ ಏಳು ಮಂದಿ ಗೃಹಿಣಿಯರ ಸಾಹಸ ಇದಕ್ಕೆ ಉತ್ತಮ ನಿದರ್ಶನ.

1959ನೆಯ ಇಸವಿ ಮಾರ್ಚ್ 15ರಂದು ಗಿರಗಾಂವ್ ಬಡಾವಣೆಯಲ್ಲಿ ಆ ಏಳ್ವರು ತಮ್ಮ ವಸತಿ ಕಟ್ಟಡದ ಮಾಳಿಗೆಯ ಮೇಲೆ ಸೇರಿ ಹಪ್ಪಳ ಲಟ್ಟಿಸಿದರು. ಅವರ ಬಂಡವಾಳ 80 ರೂಪಾಯಿ. ಅದೂ ಸಾಲವಾಗಿ ತಂದದ್ದು. ಮೊದಲ ದಿನ ಸಿದ್ಧವಾದದ್ದು ನಾಲ್ಕೇ ಕಟ್ಟು. ನಷ್ಟವಾದರೂ ದಾನಕ್ಕೆ ಕೈಯೊಡ್ಡಬಾರದೆಂದು ಅವರು ಆರಂಭದಲ್ಲಿಯೇ ನಿಶ್ಚಯಿಸಿದ್ದರು. ಮುಂದೆ ಲಿಜ್ಜತ್ ಹಪ್ಪಳವೆಂದು ಮನೆಮಾತಾದ ಸಂಸ್ಥೆಯ ಹುಟ್ಟು ಇಂತಹುದು.

ಮೊದಮೊದಲು ಅವರು ಉತ್ತಮ ದರ್ಜೆಯ ಹಪ್ಪಳದೊಡನೆ, ಅಗ್ಗವಾಗಿ ಮಾರಲೆಂದು ಕೆಳದರ್ಜೆಯ ಹಪ್ಪಳವನ್ನೂ ತಯಾರಿಸುತ್ತಿದ್ದರು. ಮಾರ್ಗದರ್ಶಕರಾಗಿದ್ದ ಸಮಾಜಸೇವಕ ಛಗನ್‌ಲಾಲ್ ಪಾರೇಖ್ ಅದನ್ನು ಒಪ್ಪಲಿಲ್ಲ. ಗುಣಮಟ್ಟ ಒಂದೇ ಇರಬೇಕು, ಲೆಕ್ಕಪತ್ರ ಕ್ರಮವಾಗಿರಬೇಕು ಎಂಬುದು ಅವರ ಸಲಹೆ. ಗುಣಮಟ್ಟವು ಗ್ರಾಹಕನಿಗೆ ತೋರುವ ಪ್ರಾಮಾಣಿಕತೆಯಾದರೆ, ಲೆಕ್ಕವು ತನಗೆ ತಾನೇ ತೋರಿಕೊಳ್ಳುವ ಪ್ರಾಮಾಣಿಕತೆ. ಮೊದಲ ವರ್ಷದ ಮಾರಾಟ 6,196 ರೂಪಾಯಿ. ಆ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಅವರು ದುಬಾರಿ ಯಂತ್ರವನ್ನು ಅರಸಲಿಲ್ಲ; ಮಂಚದ ಮೇಲೆ ಹಪ್ಪಳ ಹರವಿ, ಕೆಳಗೆ ಒಲೆಯಿಟ್ಟು ಒಣಗಿಸಿದರು.

ಲೆಕ್ಕವೆಂದರೆ ಕೂಡುವುದು, ಕಳೆಯುವುದು ಮಾತ್ರವಲ್ಲ. ಕಣ್ಣಿಗೆ ಬೀಳದ ವೆಚ್ಚವನ್ನು ಕಾಣುವುದು. ಚಕ್ಕುಲಿ ಮಾರುವ ಒಬ್ಬಾಕೆ ಹಿಟ್ಟು, ಎಣ್ಣೆಗಳಿಗೆ 400 ರೂಪಾಯಿ ವೆಚ್ಚಮಾಡಿ 600 ರೂಪಾಯಿಗೆ ಮಾರಿದಳೆಂದು ಭಾವಿಸೋಣ. 200 ರೂಪಾಯಿ ಲಾಭವೆಂದು ಆಕೆ ಹಿಗ್ಗಬಹುದು. ಉರುವಲಿಗೆ 50, ಬಸ್ಸಿಗೆ 30, ಪೊಟ್ಟಣಗಳಿಗೆ 20 ರೂಪಾಯಿ ಕಳೆದರೆ ಉಳಿಯುವುದು 100. ಇಡೀ ದಿನದ ದುಡಿಮೆಗೆ ಕೂಲಿ ಹಿಡಿದರೆ ಲಾಭವೆಂಬುದೇ ಇಲ್ಲ. ಈ ಸತ್ಯ ತಿಳಿದರೆ ಬೆಲೆಯನ್ನು ತಿದ್ದಬಹುದು, ವೆಚ್ಚವನ್ನು ತಗ್ಗಿಸಬಹುದು. ತಿಳಿಯದಿದ್ದರೆ ಹೆಚ್ಚು ಮಾರಿದಷ್ಟೂ ಹೆಚ್ಚು ಬಳಲಬೇಕು.

ಅಂಗಡಿಯ ಹಣವನ್ನೂ ಮನೆಯ ಹಣವನ್ನೂ ಬೆರೆಸುವುದು ಸಣ್ಣ ವ್ಯಾಪಾರದ ದೊಡ್ಡ ರೋಗ. ಗಲ್ಲಾಪೆಟ್ಟಿಗೆಯಿಂದ ಹಬ್ಬಕ್ಕೆ, ಮದುವೆಯ ಮುಯ್ಯಿಗೆ ಹಣ ತೆಗೆಯುತ್ತ ಹೋದರೆ ನಾಳೆಯ ಸರಕಿಗೆ ಕಾಸು ಉಳಿಯದು. ಮಾಲೀಕನೂ ತನಗೆ ತಿಂಗಳಿಗೆ ಇಂತಿಷ್ಟು ಸಂಬಳವೆಂದು ಗೊತ್ತುಮಾಡಿಕೊಂಡು, ಅಷ್ಟರಲ್ಲಿಯೇ ಸಂಸಾರ ತೂಗಿಸುವುದು ಲೇಸು. ಉದ್ರಿ ಕೊಡದೆ ಹಳ್ಳಿಯ ವ್ಯಾಪಾರ ನಡೆಯುವುದು ಕಷ್ಟ. ಕೊಟ್ಟದ್ದನ್ನು ಅಂದಂದೇ ಬರೆದಿಟ್ಟರೆ ಹಣವೂ ಉಳಿಯುತ್ತದೆ, ಸ್ನೇಹವೂ ಉಳಿಯುತ್ತದೆ. ಇಂದು ಹೂ ಮಾರುವವರೂ ಮೊಬೈಲಿನ ಮೂಲಕ ಹಣ ಪಡೆಯುತ್ತಾರೆ. ಹಾಗೆ ಬಂದ ಹಣದ ದಾಖಲೆ ತಾನಾಗಿಯೇ ಉಳಿಯುತ್ತದೆ, ನಿಜ. ಆದರೆ ಬಂದದ್ದೆಲ್ಲ ಲಾಭವಲ್ಲವೆಂಬುದನ್ನು ಅರಿಯಬೇಕಾದವನು ಮನುಷ್ಯನೇ.

ಉದ್ಯಮವು ಮುಖ್ಯವಾಗಿ ಲಾಭದ ಬಲದಿಂದ ಬೆಳೆಯಬೇಕು. ದುಡಿದು ಕೊಡುವ ಹೊಲಿಗೆ ಯಂತ್ರಕ್ಕೆ ಸಾಲ ಮಾಡಬಹುದು. ಅಂಗಡಿಯ ಥಳುಕಿಗೆ ಸಾಲ ಸಲ್ಲದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಅಂಜುಬುರುಕುತನದ ಬೋಧೆಯಲ್ಲ. ಹಾಸಿಗೆಯ ಉದ್ದವನ್ನು ಮೊದಲು ಅಳೆದು ನೋಡೆಂಬ ಎಚ್ಚರಿಕೆ. ಹೀಗೆ ಅಳೆದು ಹೆಜ್ಜೆಯಿಟ್ಟ ಏಳ್ವರ ಕೆಲಸ ಇಂದು 40,000ಕ್ಕೂ ಹೆಚ್ಚು ಮಹಿಳೆಯರ ದುಡಿಮೆಗೆ ನೆಲೆಯಾಗಿದೆ. ಆ ಏಳ್ವರಲ್ಲಿ ಒಬ್ಬರಾದ ಜಸವಂತಿಬೇನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಎಲ್ಲ ಉದ್ಯಮಗಳೂ ಅಷ್ಟು ದೊಡ್ಡದಾಗಬೇಕಿಲ್ಲ. ಒಂದು ಸಂಸಾರವನ್ನು ಮರ್ಯಾದೆಯಿಂದ ಸಲಹುವ ಚಿಕ್ಕ ಅಂಗಡಿಯೂ ಸಮಾಜಕ್ಕೆ ಭೂಷಣವೇ. ದಿನದ ವ್ಯಾಪಾರ ಮುಗಿದ ಮೇಲೆ ಕಾಲು ಗಂಟೆ ಲೆಕ್ಕದ ಪುಸ್ತಕದ ಮುಂದೆ ಕುಳಿತುಕೊಳ್ಳುವ ಅಭ್ಯಾಸಕ್ಕೆ ಯಾರಿಂದಲೂ ಸಾಲ ತರಬೇಕಾಗಿಲ್ಲ. ಅದೊಂದು ಬಂಡವಾಳ ಬಡವನಿಗೂ ಉಂಟು.